ಇನ್ನೂರು ಊರಿಗೆ ಒಂದೇ ಮನೆ

ಬಹಳ ಹಿಂದೆ, ಟೆಂಡರ್ ಎಂಬುದು ಅಚ್ಚಗನ್ನಡದ ಮಾತೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಸುಫಲವೆಂಬ ಒಂದು ರಾಜ್ಯವಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ಶಂಕುಸ್ಥಾಪನವರ್ಮ ಪ್ರಭುಗಳು. ಅಡಿಗಲ್ಲು ಇಡದ ದಿನ ಪ್ರಭುಗಳಿಗೆ ಊಟ ಸೇರುತ್ತಿರಲಿಲ್ಲ.

ಆ ರಾಜ್ಯದ ಕೆಮ್ಮಣ್ಣುಕುಂಟೆ ಎಂಬ ಹಳ್ಳಿಯಲ್ಲಿ ದುರುಗವ್ವ ಇದ್ದಳು. ಮಣ್ಣು ತುಳಿದು, ಹದ ಮಾಡಿ, ಗೋಡೆ ಎಬ್ಬಿಸುವುದರಲ್ಲಿ ಸುತ್ತ ಹತ್ತೂರಿಗೆ ಅವಳ ಕೈಯೇ ಕೈ. ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದಳೆಂದರೆ ಗೋಡೆ ಎಷ್ಟು ಮಳೆಗಾಲ ನಿಲ್ಲುತ್ತದೆಂದು ಹೇಳಿಬಿಡುತ್ತಿದ್ದಳು. ಅವಳಿದ್ದ ಒಂದಂಕಣದ ಮನೆಯೂ ಅವಳೇ ಕಟ್ಟಿಕೊಂಡದ್ದು.

ಹೀಗಿರಲು ಒಂದು ದಿನ ಡಂಗುರವಾಯಿತು. ‘ಸಮಗ್ರ ಸೂರು ಯೋಜನೆ’ಯಡಿ ಹಳ್ಳಿಗರಿಗೆ ಹಳ್ಳಿಯಲ್ಲೇ ಉದ್ಯೋಗ, ನ್ಯಾಯವಾದ ಕೂಲಿ, ಕೈಗೆಟುಕುವ ಮನೆ. ಫಲಾನುಭವಿಗಳನ್ನು ಆರಿಸಲು ನಿಬಂಧನರಾಯರೆಂಬ ಅಧಿಕಾರಿ ಬಂದರು.

“ನಿನಗೆ ಮನೆ ಇದೆಯಲ್ಲ,” ಎಂದರು.

“ಮಳಿ ಬಂದ್ರ ಒಂದ್ ಮೂಲಿ ಸೋರ್ತೈತ್ರಿ.”

“ಸೋರುವ ಮನೆಯೂ ಮನೆಯೇ. ಯೋಜನೆ ಇರುವುದು ಮನೆಯಿಲ್ಲದವರಿಗೆ. ಮುಂದಿನ ವಾರ ಬಂದಾಗ ನಿನಗೆ ಮನೆ ಇರದಿದ್ದರೆ ನೋಡೋಣ.”

ದುರುಗವ್ವ ಎರಡು ದಿನ ಯೋಚಿಸಿದಳು. ಮೂರನೆಯ ದಿನ ಗುದ್ದಲಿ ಎತ್ತಿಕೊಂಡಳು. ಗೋಡೆ ಬೀಳಲೊಲ್ಲದು. ಕೆಡವಲು ಇಡೀ ದಿನ ಹಿಡಿಯಿತು. ತನ್ನ ಕೆಲಸದ ಮೇಲೆ ಅವಳಿಗೆ ಹೆಮ್ಮೆಯಾಯಿತು.

ಮನೆ ಬಂತು. ಪತ್ರಿಕೆ ಓದುವ ತಾವು ನಂಬಲಿಕ್ಕಿಲ್ಲ, ಅದು ನಿಜವಾಗಿಯೂ ಬಂತು. ಹಳದಿ ಗೋಡೆ, ನೀಲಿ ಕಿಟಕಿ, ಕೆಳಗೆ ಎಂಟು ಗಾಲಿ. ಹೊಳೆದಂಡೆಯಿಂದ ಅದನ್ನು ತಳ್ಳಿಕೊಂಡು ಬಂದವರು ಊರಿನ ಜನರೇ. ಸ್ಥಳೀಯ ಉದ್ಯೋಗವೆಂದರೆ ಅದೇ. ಕೂಲಿಯ ಮಾತು ಎದ್ದಾಗ ಕಾರ್ಮಿಕ ಮಂತ್ರಿ ಸಮನ್ಯಾಯಸೇನರು ಗಂಟಲು ಸರಿಮಾಡಿಕೊಂಡರು.

“ಒಬ್ಬನಿಗೆ ಹೆಚ್ಚು, ಒಬ್ಬನಿಗೆ ಕಡಿಮೆ ಕೊಟ್ಟರೆ ಅನ್ಯಾಯ. ಯಾರಿಗೂ ಕೊಡದಿದ್ದರೆ ಯಾರಿಗೂ ಅನ್ಯಾಯವಿಲ್ಲ.”

ಗೃಹಪ್ರವೇಶಕ್ಕೆಂದು ಖುದ್ದಾಗಿ ದಯಮಾಡಿಸಿದ್ದ ಪ್ರಭುಗಳು ಮೆಚ್ಚಿ ಅವರಿಗೆ ಶಾಲು ಹೊದಿಸಿದರು. ಆಮೇಲೆ ಬೀಗದ ಕೈಯನ್ನು ದುರುಗವ್ವನಿಗೆ ಕೊಟ್ಟು, ತಮ್ಮ ದಿವ್ಯ ಹಸ್ತದಿಂದ ಕಿಟಕಿ ತೆರೆದರು.

“ಪ್ರಭೋ, ತಾವು ತೆರೆದ ಮೇಲೆಯೇ ಗಾಳಿಗೆ ಒಳಬರುವ ದಾರಿ ತಿಳಿದದ್ದು,” ಎಂದರು ಮಂತ್ರಿಗಳು.

“ನಾವೂ ಗಮನಿಸಿದೆವು,” ಎಂದರು ಪ್ರಭುಗಳು.

ಗೃಹಪ್ರವೇಶವೆಂದ ಮೇಲೆ ಹಾಲುಕ್ಕಬೇಕು. ದುರುಗವ್ವ ಒಲೆಯ ಮೇಲೆ ಹಾಲಿಟ್ಟು, ಕಾಯುವಾಗ ಸುಮ್ಮನಿರಲಾರದೆ ಗೋಡೆಗೆ ಬೆರಳ ಗೆಣ್ಣು ತಾಗಿಸಿದಳು. ದಬದಬ ಎಂದಿತು.

“ಇದು ರಟ್ಟು ಐತಲ್ರಿ.”

“ಹಗುರ ತಂತ್ರಜ್ಞಾನ,” ಎಂದರು ನಿಬಂಧನರಾಯರು.

ಹಾಲು ಉಕ್ಕಿತು, ಜನ ಚಪ್ಪಾಳೆ ತಟ್ಟಿದರು, ಪ್ರಭುಗಳ ರಥ ಹೊರಟಿತು. ಪಾತ್ರೆ ಇಳಿಸುವಷ್ಟರಲ್ಲಿ ಗಾಲಿಗಳು ಕಿರುಗುಟ್ಟಿದವು.

“ಕೆಳಗಿಳಿ ತಾಯಿ,” ಎಂದರು ನಿಬಂಧನರಾಯರು. “ಸಂಜೆ ಪಕ್ಕದ ಊರಿನಲ್ಲೂ ಗೃಹಪ್ರವೇಶವಿದೆ.”

“ಮತ್ತ ನನ್ ಮನಿ?”

“ಮನೆ ನಿನ್ನದೇ. ಬೀಗದ ಕೈ ನಿನ್ನ ಹತ್ತಿರವೇ ಇರಲಿ. ಇನ್ನೂರು ಊರು ಮುಗಿಯಲಿ.”

ದುರುಗವ್ವ ಒಂದು ತಿಂಗಳು ಮರದಡಿ ಇದ್ದು ಕಾದಳು. ಮೋಡ ಕಟ್ಟತೊಡಗಿದಾಗ ಹಳೆಯ ಗೋಡೆಯ ಮಣ್ಣನ್ನೇ ನೆನೆಸಿ, ತುಳಿದು, ಮತ್ತೆ ಕಟ್ಟಲು ಶುರುಮಾಡಿದಳು. ಗೋಡೆ ಮೊಣಕಾಲೆತ್ತರ ಬರುವಾಗ ನಿಬಂಧನರಾಯರು ಹಾಜರಾದರು.

“ಒಬ್ಬರಿಗೆ ಎರಡು ಮನೆ ಯಾಕೆ? ದುರಾಸೆ ಒಳ್ಳೆಯದಲ್ಲ ತಾಯಿ,” ಎಂದು ಬೇಸರಪಟ್ಟು ಗೋಡೆಯನ್ನು ಸರಕಾರದ ವಶಕ್ಕೆ ತೆಗೆದುಕೊಂಡರು.

ಇತ್ತ ರಾಜಸಭೆ ಸೇರಿ, ರಾಜ್ಯದಲ್ಲಿ ಇನ್ನು ಮನೆಯಿಲ್ಲದವರೇ ಇಲ್ಲವೆಂದು ಘೋಷಿಸಿ, ಪ್ರಭುಗಳಿಗೆ ‘ಗೃಹದಾತ’ ಎಂಬ ಬಿರುದು ಕೊಟ್ಟಿತು. ಊರೂರಿಗೂ ಪ್ರಭುಗಳ ಪ್ರತಿಮೆ ಮಂಜೂರಾಯಿತು, ಬೀಗದ ಕೈ ನೀಡುವ ಭಂಗಿಯಲ್ಲಿ. ಕೆಮ್ಮಣ್ಣುಕುಂಟೆಯಲ್ಲಿ ಜಾಗ ಸಿದ್ಧವಿತ್ತು, ಮೊಣಕಾಲೆತ್ತರದ ಗೋಡೆಯೂ ಇತ್ತು. ಪ್ರತಿಮೆಗೆ ಮಳೆ ತಾಗಬಾರದಲ್ಲ, ಅದಕ್ಕೊಂದು ಮನೆ ಬೇಕಾಯಿತು. ಗಟ್ಟಿಯಾಗಿ ಕಟ್ಟುವವರು ಯಾರೆಂದು ಕೇಳಿದಾಗ ಊರು ದುರುಗವ್ವನ ಕಡೆ ನೋಡಿತು.

ಕೂಲಿ ಯಥಾಪ್ರಕಾರ ನ್ಯಾಯವಾದದ್ದೇ. ಆದರೂ ಅವಳಿಗೆ ಕೆಟ್ಟದಾಗಿ ಕಟ್ಟಲು ಬರುತ್ತಿರಲಿಲ್ಲ. ನಾಲ್ಕು ಗೋಡೆ ಎಬ್ಬಿಸಿ, ಒಂದು ಮೂಲೆಯೂ ಸೋರದಂತೆ ಮೇಲೆ ಮಣ್ಣಿನ ಮಾಳಿಗೆ ಹಾಕಿ, ಕೊನೆಗೊಮ್ಮೆ ತಟ್ಟಿ ನೋಡಿದಳು. ನಲವತ್ತು ಮಳೆಗಾಲಕ್ಕೆ ಮೋಸವಿರಲಿಲ್ಲ. ಪ್ರತಿಮೆ ಬಂದು ಒಳಗೆ ನಿಂತಿತು.

ಮೊದಲ ಮಳೆ ಸುರಿದ ದಿನ ದುರುಗವ್ವ ಅದರ ಸೂರಿನ ಕೆಳಗೆ ಬಂದು ನಿಂತಳು. ಕಾವಲುಗಾರ ಹತ್ತಿರ ಬಂದ.

“ಇಲ್ಯಾಕ ನಿಂತೀಯವ್ವ? ಮನಿಗೆ ಹೋಗು.”

ದುರುಗವ್ವ ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೋರಿಸಿದಳು.

“ಮನಿ ಊರೂರು ತಿರುಗಾಕ ಹೋಗೈತಪ್ಪ. ಬರೂತನಾ ನಿಲ್ತೀನಿ.”

ಬೀಗದ ಕೈ ಕಂಡೊಡನೆ ಅವನಿಗೆ ಅನುಮಾನ ಉಳಿಯಲಿಲ್ಲ. ಮನೆ ಇದ್ದವರು ಸರಕಾರಿ ಕಟ್ಟಡದಲ್ಲಿ ಆಶ್ರಯ ಪಡೆಯಬಾರದೆಂದು ಆಜ್ಞೆಯಿತ್ತು. ಅವಳನ್ನು ಮೆಲ್ಲಗೆ ಮಳೆಗೆ ಇಳಿಸಿ, ಪ್ರಭುಗಳಿಗೆ ಶೀತವಾಗದಂತೆ ಬಾಗಿಲು ಹಾಕಿದ.