ಹೊಸಪೇಟೆಯ ಪರವಾಗಿ ನನ್ನ ವಕೀಲಿಕೆ

ಹೊಸಪೇಟೆಯನ್ನು ಯಾರಾದರೂ ಬೈದರೆ ನನಗೆ ತಡೆಯಲಾಗುವುದಿಲ್ಲ. ಬೈಯುವವರೇನು ಕಡಿಮೆಯೇ? ಹಂಪಿ ನೋಡಲು ಬಂದವರು ಇದನ್ನು ಬ್ಯಾಗು ಇಟ್ಟು ಹೋಗುವ ಜಾಗ ಎನ್ನುತ್ತಾರೆ. ನನ್ನ ಜೊತೆ ಉಕ್ಕಿನ ಕಾರ್ಖಾನೆಗೆ ಬರುವವರು, "ಊರಲ್ಲಪ್ಪ ಅದು, ಡ್ಯೂಟಿ ಮುಗಿಸಿ ಮಲಗೋ ದೊಡ್ಡ ರೂಮು" ಎನ್ನುತ್ತಾರೆ. ಇನ್ನು ನೆಂಟರು ಸೇರಿದರೆ ಅದಿರಿನ ಲಾರಿ, ಕೆಂಪು ಧೂಳು, ಬೇಸಿಗೆಯ ಬಿಸಿಲು, ಮೂರರ ವರ್ಣನೆಯೂ ಊಟಕ್ಕೆ ಮೊದಲೇ ಮುಗಿದಿರುತ್ತದೆ. ಹದಿನಾಲ್ಕು ವರ್ಷಗಳಿಂದ ಈ ಊರಿನ ಚಿತ್ತವಾಡ್ಗಿಯಲ್ಲಿ ಮನೆ ಮಾಡಿಕೊಂಡಿರುವ ನಾನು, ಅಂದರೆ ಪಂಪಾಪತಿ, ಇದನ್ನೆಲ್ಲ ಕೇಳಿಕೊಂಡು ಸುಮ್ಮನಿರುವುದು ಹೇಗೆ?

ಹಾಗಾಗಿ ಊರಿನ ಮಾನ ಉಳಿಸುವ ಅವಕಾಶ ತಾನಾಗಿ ಬಂದಾಗ ನಾನು ಬಿಡಲಿಲ್ಲ.

ನನ್ನ ಹೆಂಡತಿ ಗಿರಿಜಾಳ ಅಕ್ಕ ಶಾಂತಕ್ಕ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದು ನಿವೃತ್ತರಾಗಿದ್ದರು. ಮದುವೆಯಾದವರಲ್ಲ. ಕ್ವಾರ್ಟರ್ಸ್ ಬಿಡಬೇಕಿತ್ತು. ಅಲ್ಲಿಯೇ ಗೆಳತಿಯರ ಹತ್ತಿರ ಒಂದು ಮನೆ ನೋಡಿಟ್ಟಿದ್ದರು. ಇತ್ತ ನಮ್ಮ ಪಕ್ಕದ ಮನೆಯ ಮಾಳಿಗೆಯ ಮೇಲೆ ಎರಡು ಕೋಣೆ ಖಾಲಿ ಇದ್ದವು. ಅಕ್ಕ ಅಲ್ಲಿಗೆ ಬರಬೇಕೆಂದು ಗಿರಿಜಾಗೆ ಜೀವದಾಸೆ. ನಮಗೆ ಮಕ್ಕಳಿಲ್ಲ. ನಾನು ನಸುಕಿನಲ್ಲಿ ಕಾರ್ಖಾನೆಯ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಕ್ಕ ಫೋನಿನಲ್ಲಿ, "ಹೊಸಪೇಟಿ ಅಂದ್ರ ಎಲ್ರೂ ಮೂಗು ಮುರೀತಾರಲ್ಲೇ ಗಿರಿಜಾ. ಒಂದ್ ದಿನ ಬಂದು ನೋಡ್ತೀನಿ, ಆಮ್ಯಾಲ ಹೇಳ್ತೀನಿ" ಎಂದಿದ್ದರು. ಅಂದಿನಿಂದ ಗಿರಿಜಾ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

"ಆ ಕೇಸು ನನಗ ಬಿಡು. ಮಂಗಳವಾರ ನನ್ನ ವಾರದ ರಜಾ. ಇಡೀ ಊರು ನಾನs ತೋರಿಸ್ತೀನಿ" ಎಂದೆ.

ಗಿರಿಜಾ ನನ್ನನ್ನು ಒಂದು ಗಳಿಗೆ ನೋಡಿದಳು. "ನಿಮಗ ಊರು ಎಲ್ಲಿ ಗೊತ್ತೈತ್ರೀ? ರಜಾ ಬಂದ್ರ ಸಂಡೂರಿಗೆ ಓಡ್ತೀರಿ."

ಅದು ನಿಜ. ನಾನು ಹುಟ್ಟಿದ್ದು ಸಂಡೂರಿನಲ್ಲಿ. ಬಾಲ್ಯದ ಗೆಳೆಯರು, ಹಸಿರು ಗುಡ್ಡ ಎಲ್ಲ ಅಲ್ಲಿಯೇ. ಆದರೆ ಹದಿನಾಲ್ಕು ವರ್ಷ ಇದ್ದ ಊರು ಗೊತ್ತಿಲ್ಲವೆಂದರೆ ಏನರ್ಥ? ನಾನು ಸಿಟ್ಟಿನಲ್ಲಿ ಒಂದು ಹಾಳೆಯ ಮೇಲೆ ಕಾರ್ಯಕ್ರಮ ಪಟ್ಟಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದೆ. ಸ್ವಾಗತ, ಉಪಾಹಾರ, ಕಮಲಾಪುರದ ಕೆರೆ ದರ್ಶನ, ಹಂಪಿಯ ಸ್ಮಾರಕಗಳ ವೀಕ್ಷಣೆ, ಕೊನೆಗೆ ಮಾಳಿಗೆಯ ಕೋಣೆಗಳ ಪರಿಶೀಲನೆ. ಕೆಳಗೆ ಸಹಿಯನ್ನೂ ಹಾಕಿದೆ!

ಇಲ್ಲಿ ನನ್ನ ಒಂದು ದೌರ್ಬಲ್ಯವನ್ನು ಓದುಗರ ಗಮನಕ್ಕೆ ತರಬೇಕು. ಕಾರ್ಖಾನೆಯ ಬಸ್ಸಿನಲ್ಲಿ ಹೋಗುವಾಗಲೂ ಬರುವಾಗಲೂ ನಾವೆಲ್ಲ ಮಲಗುತ್ತೇವೆ. ಸೀಟಿಗೆ ಬೆನ್ನು ತಾಗಬೇಕು, ಇಂಜಿನ್ ಗುರುಗುಟ್ಟಬೇಕು, ಅಷ್ಟೇ. ಪಾಪಿನಾಯಕನಹಳ್ಳಿ ಬರುವಷ್ಟರಲ್ಲಿ ಇಡೀ ಬಸ್ಸು ಬಾಯಿ ತೆರೆದುಕೊಂಡು ಮಲಗಿರುತ್ತದೆ, ಡ್ರೈವರ್ ಒಬ್ಬನನ್ನು ಬಿಟ್ಟು. ಈ ಅಭ್ಯಾಸ ರಜೆಯ ದಿನವೂ ಬಿಡದೆಂಬುದು ನನಗೆ ತಿಳಿದಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಶಾಂತಕ್ಕನನ್ನು ಇಳಿಸಿಕೊಂಡು ಆಟೋ ಹತ್ತಿಸಿದೆ. "ಅಕ್ಕಾರ, ಧೂಳು ಅಂತಾರಲ್ಲ, ನೋಡ್ರಿ, ಎಲ್ಲೈತಿ ಧೂಳು?" ಎಂದು ಭಾಷಣ ಶುರು ಮಾಡಿದೆ. ಮುಂದಿನ ವಾಕ್ಯ ನನಗೆ ನೆನಪಿಲ್ಲ. ಯಾರೋ ಭುಜ ಅಲ್ಲಾಡಿಸಿದರು.

"ಸರ್, ಚಿತ್ತವಾಡ್ಗಿ ಬಂತು. ಎಡಕ್ಕೋ ಬಲಕ್ಕೋ?" ಆಟೋದವನು ಕೇಳುತ್ತಿದ್ದ.

ನಾನು ಕಣ್ಣು ಬಿಟ್ಟು ನೋಡಿದೆ. ಬೆಳಕಿನಲ್ಲಿ ಆ ಬೀದಿ ನನಗೆ ಗುರುತೇ ಸಿಗಲಿಲ್ಲ! ನನಗೆ ಗೊತ್ತಿದ್ದುದು ಬಸ್ಸು ನಿಲ್ಲುವ ಮೂಲೆಯಿಂದ ಮನೆಗೆ ನಡೆಯುವ ಒಂದೇ ದಾರಿ, ಅದೂ ಕತ್ತಲಲ್ಲಿ. "ಬಲಕ್ಕ" ಎಂದು ಗಂಭೀರವಾಗಿ ಹೇಳಿದೆ. ಅಲ್ಲಿ ಕಾಲುವೆ ಬಂತು. "ಎಡಕ್ಕ" ಎಂದೆ. ಅಲ್ಲಿಯೂ ಅದೇ ಕಾಲುವೆ ಬಂತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎರಡನೇ ಸಲ ನಮ್ಮನ್ನು ನೋಡಿ ನಕ್ಕರು. ಕೊನೆಗೆ ಆಟೋದವನು ಒಂದು ಕಿರಾಣಿ ಅಂಗಡಿಯ ಮುಂದೆ ನಿಲ್ಲಿಸಿ, "ಪಂಪಾಪತಿ ಅನ್ನೋರ ಮನಿ ಯಾವ್ದ್ರಿ?" ಎಂದು ಕೇಳಿದ.

"ಆ ಹೆಸರಿನೋರು ಯಾರೂ ಇಲ್ಲಿಲ್ಲ" ಎಂದ ಅಂಗಡಿಯವನು, ನನ್ನ ಮುಖವನ್ನೇ ನೋಡುತ್ತಾ.

ಶಾಂತಕ್ಕ ತಲೆ ಹೊರಗೆ ಹಾಕಿ, "ಗಿರಿಜಾ ಅಂತ, ನನ್ ತಂಗಿ" ಎಂದರು.

"ಗಿರಿಜಮ್ಮಾರ ಅಕ್ಕಾರs? ಇಳೀರಿ ಇಳೀರಿ, ಇಲ್ಲೇ ಹಿಂದ್ಲ ಮನಿ. ಬ್ಯಾಗು ನಾ ತರ್ತೀನಿ ಬರ್ರಿ!" ಎಂದು ಅವನು ಅಂಗಡಿಯನ್ನೇ ಬಿಟ್ಟು ಓಡಿ ಬಂದ. ನನಗೆ ಯಾರೂ ಬರ್ರಿ ಎನ್ನಲಿಲ್ಲ. ನಾನೇ ಹಿಂದೆ ಹಿಂದೆ ಹೋದೆ.

ಸ್ವಾಗತ ಮುಗಿಯಿತು. ಉಪಾಹಾರಕ್ಕೆ ಒಗ್ಗರಣಿ ಮಂಡಕ್ಕಿ, ಮಿರ್ಚಿ. ಇದರಲ್ಲಿ ಹೊಸಪೇಟೆಯನ್ನು ಮೀರಿಸುವ ಊರಿಲ್ಲ ಎಂಬುದು ನನ್ನ ವಾದದ ಬಲವಾದ ಸಾಕ್ಷಿ. ಅಕ್ಕನನ್ನು ನಡೆಸಿಕೊಂಡು ನನ್ನ ಪ್ರೀತಿಯ ಹೋಟೆಲಿಗೆ ಹೋಗಿ, "ಎರಡು ಪ್ಲೇಟು, ಬಿಸಿ ಬಿಸಿ!" ಎಂದು ಕೂಗಿಯೇ ಒಳಗೆ ಕಾಲಿಟ್ಟೆ. ಒಳಗೆ ಮೊಬೈಲುಗಳಿದ್ದವು. ಗಾಜಿನ ಪೆಟ್ಟಿಗೆಯ ಹಿಂದಿದ್ದ ಯುವತಿ, "ಹೋಟ್ಲು ಮುಚ್ಚಿ ನಾಲ್ಕ್ ವರ್ಷ ಆತ್ರೀ ಸರ್. ನೀವು ಹೊರಗಿನೋರೇನ್ರಿ?" ಎಂದು ವಿನಯದಿಂದ ಕೇಳಿದಳು.

ಶಾಂತಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದರು. ಮನೆಗೆ ವಾಪಸ್ ಬಂದು ಗಿರಿಜಾ ಮಾಡಿದ ಉಪ್ಪಿಟ್ಟು ತಿಂದೆವು. ಗಿರಿಜಾ ಅಕ್ಕನ ಮುಖ ನೋಡುತ್ತಿದ್ದಳು. ನಂತರ ನನ್ನನ್ನು ಅಡುಗೆ ಮನೆಗೆ ಕರೆದು, "ರೀ, ಕೈ ಮುಗೀತೀನಿ, ಸಾಕ್ರಿ. ಮಧ್ಯಾಹ್ನದ ಮ್ಯಾಲ ನಾನs ಕರ್ಕೊಂಡ್ ಹೋಗ್ತೀನಿ" ಎಂದಳು. ಅವಳ ಕೈಗೆ ಹೋಳಿಗೆಯ ಕಣಕ ಮೆತ್ತಿತ್ತು, ಕಣ್ಣು ತುಂಬಿದ್ದವು. ಇಂಥ ಹೊತ್ತಿನಲ್ಲಿ ಹಿಂದೆ ಸರಿಯುವುದು ಗಂಡಸುತನವೇ? ಕಾರ್ಯಕ್ರಮ ಯಥಾಪ್ರಕಾರ ಮುಂದುವರಿಯುವುದೆಂದು ಘೋಷಿಸಿದೆ!

ಕಂಪ್ಲಿಗೆ ಹೋಗುವ ಬಸ್ಸು ಹತ್ತಿ ದಾರಿಯಲ್ಲಿ ಕಮಲಾಪುರದಲ್ಲಿ ಇಳಿಯುವುದು. ಅರ್ಧ ಗಂಟೆಯ ದಾರಿ. ಮಗುವೂ ತಪ್ಪಿಸಿಕೊಳ್ಳದು. ಅಕ್ಕನಿಗೆ ಹೆಂಗಸರ ಪಕ್ಕ ಸೀಟು ಕೊಡಿಸಿ ನಾನು ಹಿಂದಿನ ಸೀಟಿನಲ್ಲಿ ಕುಳಿತೆ. ಮಲಗಬಾರದೆಂದು ತೊಡೆ ಚಿವುಟಿಕೊಂಡೆ. ಬಸ್ಸು ಗುರುಗುಟ್ಟಿತು.

ಎಚ್ಚರವಾದಾಗ ಬಸ್ಸು ನಿಂತಿತ್ತು, ಜನ ಇಳಿಯುತ್ತಿದ್ದರು. ದೇಹಕ್ಕೆ ಒಂದೇ ವಿದ್ಯೆ ಗೊತ್ತು: ಬಸ್ಸು ನಿಂತರೆ ಮೇಲಿನ ಬ್ಯಾಗು ಎಳೆದುಕೊಳ್ಳಬೇಕು, ಇಳಿಯಬೇಕು, ಸಾಲಿನಲ್ಲಿ ನಿಂತು ಯಂತ್ರಕ್ಕೆ ಹೆಬ್ಬೆಟ್ಟು ಒತ್ತಬೇಕು, ಹಾಜರಿ ಬೀಳುತ್ತದೆ. ಅರೆಗಣ್ಣಿನಲ್ಲಿಯೇ ಬ್ಯಾಗು ಎಳೆದೆ, ಇಳಿದೆ, ಎದುರಿಗೆ ಕಂಡ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಹೆಬ್ಬೆಟ್ಟು ಒತ್ತಿದೆ. ಯಂತ್ರ ಕುಯ್ ಎಂದಿತು.

"ಯಾವ ಕಾರ್ಡ್ರೀ ನಿಮ್ದು?" ಎಂದು ಯಂತ್ರದ ಹಿಂದಿನವನು ಕೇಳಿದ.

"ಮೆಂಟೇನನ್ಸ್ ಸೆಕ್ಷನ್" ಎಂದೆ.

"ಇದು ರೇಷನ್ ಅಂಗಡಿ ಐತ್ರೀ!"

ಆಗ ಪೂರ್ತಿ ಎಚ್ಚರವಾಯಿತು. ಸುತ್ತಲೂ ಅಕ್ಕಿಯ ಚೀಲ. ಬೋರ್ಡಿನ ಮೇಲೆ ಕಂಪ್ಲಿ! ಕಮಲಾಪುರ ದಾಟಿ ಯಾವ ಕಾಲವಾಗಿತ್ತೋ. ಅಷ್ಟರಲ್ಲಿ ಹಿಂದಿನಿಂದ ಒಂದು ಕೂಗು ಕೇಳಿಸಿತು. "ಹಿಡೀರ್ರೀ ಅವನ್ನ! ನನ್ ಬಾಣಂತಿ ಮಗಳ ಅಂಟಿನುಂಡಿ ಕದ್ಕೊಂಡ್ ಹೊಂಟಾನ!"

ಕೈಯಲ್ಲಿದ್ದ ಚೀಲ ನೋಡಿದೆ. ನನ್ನದಲ್ಲ. ನಾನು ಚೀಲವನ್ನೇ ತಂದಿರಲಿಲ್ಲ! ದಪ್ಪ ಕುಂಕುಮದ ಒಬ್ಬ ಹೆಂಗಸು ಸೀರೆಯ ನೆರಿಗೆ ಹಿಡಿದುಕೊಂಡು ನನ್ನತ್ತ ಓಡಿ ಬರುತ್ತಿದ್ದಳು. ಸಾಲಿನಲ್ಲಿದ್ದ ನಾಲ್ಕು ಜನ ಆಗಲೇ ನನ್ನ ರಟ್ಟೆ ಹಿಡಿದಿದ್ದರು. ಅವಳ ಹಿಂದೆ ಅವಸರವಿಲ್ಲದೆ ನಡೆದುಬಂದವರು ಶಾಂತಕ್ಕ.

"ಬಿಡವಾ ಹುಲಿಗೆಮ್ಮ. ಕಳ್ಳ ಅಲ್ಲ, ನಮ್ಮೋರs. ಗಿರಿಜಾನ ಯಜಮಾನ್ರು" ಎಂದರು.

ಹುಲಿಗೆಮ್ಮ ಎಂಬ ಆ ಹೆಂಗಸು ಗಕ್ಕನೆ ನಿಂತಳು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಗಿರಿಜಮ್ಮನ ಗಂಡ? ದುಬೈದಾಗ ಅದಾನ ಅನ್ಕಂಡಿದ್ದೆನಲ್ಲ! ಹಗ್ಗದ ಮ್ಯಾಲ ಅಂಗಿ ಒಣಗ್ತಿದ್ವು. ಕಳ್ಳರು ಹೆದರ್ಲಿ ಅಂತ ಹಾಕ್ಯಾಳ ಅನ್ಕಂಡಿದ್ದೆ!"

ವಿಚಾರಣೆಯಲ್ಲಿ ತಿಳಿದುಬಂದದ್ದು ಇಷ್ಟು. ಹುಲಿಗೆಮ್ಮನ ಮನೆ ನಮ್ಮ ಮನೆಯಿಂದ ಮೂರನೆಯದು. ಕಂಪ್ಲಿಯಲ್ಲಿರುವ ಮಗಳ ಮನೆಗೆ ಹೊರಟಿದ್ದಳು. ಬಸ್ಸಿನಲ್ಲಿ ಅಕ್ಕನ ಪಕ್ಕ ಕುಳಿತು, ಗಿರಿಜಾಳ ಅಕ್ಕನೆಂದು ಪರಿಚಯ ಮಾಡಿಕೊಂಡವಳು ಅವಳೇ, ಹಿಂದೆ ಮಲಗಿದ್ದ ನಾನು ಯಾರೆಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

"ಅಕ್ಕಾರ, ಕಮಲಾಪುರ ಬಂದಾಗ ಎಬ್ಬಿಸಬಾರದಿತ್ತೇನ್ರಿ?" ಎಂದೆ ಅಳು ದನಿಯಲ್ಲಿ.

"ಮೂವತ್ತು ವರ್ಷ ನರ್ಸ್ ಕೆಲಸ ಮಾಡೀನ್ರೀ. ನಿದ್ದಿ ಬರದೋರ ಸಂಕಟ ಭಾಳ ನೋಡೀನಿ. ಇಷ್ಟ್ ಚಂದ ಮಲಗಿದೋರನ್ನ ಎಬ್ಬಿಸಾಕ ಮನಸು ಬರ್ಲಿಲ್ಲ. ಕೆರಿ ಎಲ್ಲಿ ಹೋಗ್ತೈತಿ?" ಎಂದರು ಶಾಂತಕ್ಕ.

ಹುಲಿಗೆಮ್ಮ ನಮ್ಮನ್ನು ಬಿಡಲಿಲ್ಲ. ಮಗಳ ಮನೆಗೆ ಎಳೆದುಕೊಂಡು ಹೋಗಿ ಊಟ ಹಾಕಿಸಿದಳು. ಅಕ್ಕ ಅವಳ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು, ಹೊಟ್ಟೆ ಒತ್ತಿ ನೋಡಿ, ಹಾಲು ಕುಡಿಸಿದ ಮೇಲೆ ಹೇಗೆ ಬೆನ್ನು ತಟ್ಟಬೇಕೆಂದು ಹುಲಿಗೆಮ್ಮನ ಮಗಳಿಗೆ ಹೇಳಿಕೊಟ್ಟರು. ನಿವೃತ್ತರಾದ ಮೇಲೆ ಅವರ ಮುಖದಲ್ಲಿ ಅಂಥ ಕಳೆ ನಾನು ಕಂಡಿರಲಿಲ್ಲ. ನನಗೂ ಒಂದು ಅಂಟಿನುಂಡಿ ಕೊಟ್ಟರು, ಕದ್ದವನು ಎಂಬ ಹೆಗ್ಗಳಿಕೆಗೆ.

ವಾಪಸ್ ಬರುವಾಗ ನಾನು ಕೂರಲೇ ಇಲ್ಲ. ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಂತೆ. ಕಂಡಕ್ಟರ್ ನನಗೆ ಮೂಲವ್ಯಾಧಿ ಇರಬೇಕೆಂದು ಮರುಗಿದ. ಹೀಗೆ ನಿಂತಿದ್ದರಿಂದ ಎದುರು ಸೀಟಿನಲ್ಲಿದ್ದ ಅಕ್ಕ ಮತ್ತು ನಮ್ಮ ಜೊತೆಗೇ ಊರಿಗೆ ಹೊರಟಿದ್ದ ಹುಲಿಗೆಮ್ಮನ ಮಾತು ಪೂರ್ತಿ ಕಿವಿಗೆ ಬಿತ್ತು.

"ಹೋದ ಮಳಿಗಾಲದಾಗ ಗಿರಿಜಮ್ಮಗ ಡೆಂಗಿ ಬಂದಿತ್ತಲ್ಲ ಅಕ್ಕಾರ, ಓಣಿ ಮಂದಿ ಪಾಳಿ ಹಚ್ಚಿದ್ವಿ" ಎನ್ನುತ್ತಿದ್ದಳು ಹುಲಿಗೆಮ್ಮ. "ಬೆಳಿಗ್ಗಿ ಕಿರಾಣಿ ಅಂಗಡಿಯೋನ ಹೆಂಡ್ತಿ ಗಂಜಿ ತರ್ತಿದ್ಲು. ಮಧ್ಯಾಹ್ನ ನಾನು ತಲಿ ಬಾಚಿ ಕುಂದ್ರಸ್ತಿದ್ದೆ. ರಾತ್ರಿಗಿ ಅಂತ ಸಾರು ಮಾಡಿಟ್ಟು ಬರ್ತಿದ್ದೆ. ಊರು ಧೂಳೈತಿ, ಖರೇ. ಬಿಸ್ಲೂ ಭಾಳ. ಆದ್ರ ಒಬ್ಬಾಕಿನs ಬಿದ್ದಿರಾಕ ಬಿಡಂಗಿಲ್ರಿ ನಾವು."

ಆಗ ನಾನು ಒಂದೇ ದಿನ ರಜೆ ಹಾಕಿದ್ದೆ. "ಆರಾಮಾಗೀನಿ, ನೀವು ಹೋಗ್ರಿ" ಎಂದು ಗಿರಿಜಾ ಕಳಿಸಿದ್ದಳು. ದಿನಾ ಸಂಜೆ ಸಾರು ಸಿದ್ಧವಿರುತ್ತಿತ್ತು. ಅವಳೇ ಎದ್ದು ಮಾಡಿದ್ದಾಳೆಂದು ತಿಳಿದಿದ್ದೆ. ಅಷ್ಟೇ ಅಲ್ಲ, ಉಪ್ಪು ಜಾಸ್ತಿಯಾಗಿದೆ ಎಂದು ಎರಡು ದಿನ ತಕರಾರನ್ನೂ ಮಂಡಿಸಿದ್ದೆ! ಕಬ್ಬಿನ ಗದ್ದೆ, ಬಾಳೆಯ ತೋಟ, ಕಾಲುವೆ ಎಲ್ಲ ಕಿಟಕಿಯಲ್ಲಿ ಹಿಂದೆ ಹೋಗುತ್ತಿದ್ದವು. ಎಷ್ಟು ಚೆಂದದ ದಾರಿ ಅದು! ನನಗೆ ನಾಚಿಕೆಯಾಯಿತು, ಗಿರಿಜಾಳ ಮೇಲೆ ಬಹಳ ಪ್ರೀತಿಯೂ ಬಂತು. ಈ ಊರನ್ನು ಮಲಗುವ ರೂಮು ಎಂದವರೆಲ್ಲ ಇಲ್ಲಿ ಮಲಗಿದವರೇ ಎಂದು ಅಲ್ಲಿಯೇ ಹೊಳೆಯಿತು. ಅವರಲ್ಲಿ ಮೊದಲನೆಯವನು ಅವರ ವಿರುದ್ಧ ವಕಾಲತ್ತು ಹಾಕಿಕೊಂಡಿದ್ದ ನಾನೇ.

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಗಿರಿಜಾ ಬಾಗಿಲಲ್ಲಿ ನಿಂತಿದ್ದಳು. ಹೋಳಿಗೆ ಆರಿತ್ತು. ಏನಾಯಿತೆಂದು ಕೇಳುವ ಧೈರ್ಯ ಅವಳಿಗಿರಲಿಲ್ಲ. ಶಾಂತಕ್ಕ ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು ಬಂದು, "ಮಾಳಿಗಿ ಕೋಣಿ ಕೀಲಿ ಯಾರ ಹಂತ್ಯಾಕ ಐತಿ? ಮುಂದಿನ ತಿಂಗಳು ಬರ್ತೀನಿ" ಎಂದರು. ಗಿರಿಜಾ ಅಕ್ಕನ ಹೆಗಲಿಗೆ ಮುಖ ಒತ್ತಿ ಸಣ್ಣ ಹುಡುಗಿಯಂತೆ ಅತ್ತಳು.

ನಾನು ಗಂಟಲು ಸರಿಮಾಡಿಕೊಂಡೆ. "ನೋಡಿದ್ಯಾ? ನಾನು ತೋರಿಸಿದ ಮ್ಯಾಲ ಯಾರರ ಬ್ಯಾಡ ಅಂತಾರೇನು?"

"ನೀವು ಎಚ್ಚರ ಇದ್ದಿದ್ರ ನಾ ವಾಪಸ್ ಹೋಗಿಬಿಡ್ತಿದ್ದೆ" ಎಂದರು ಶಾಂತಕ್ಕ.

ಹೇಳಿದಂತೆ ಮುಂದಿನ ತಿಂಗಳು ಬಂದರು. ಬಂದ ಎರಡೇ ವಾರದಲ್ಲಿ ಓಣಿಯ ಹದಿನೆಂಟು ಮನೆಗಳೂ ಅವರಿಗೆ ಪರಿಚಯವಾದವು. ಮೊನ್ನೆ ಮಂಗಳವಾರ ನಾನು ಸಂಡೂರಿಗೆ ಹೊರಟು ನಿಂತಾಗ ತಡೆದು, "ಇವತ್ತ್ ಬ್ಯಾಡ. ಬರ್ರಿ, ನಿಮಗ ಊರು ತೋರಿಸ್ತೀನಿ" ಎಂದರು. ಗಿರಿಜಾ ನನ್ನ ಚಪ್ಪಲಿಯನ್ನು ತಾನೇ ಮುಂದೆ ತಂದಿಟ್ಟಳು.

ಮನೆ ಮನೆಗೆ ಹೋದೆವು. ಓಣಿಯ ಕೊನೆಯಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಅಜ್ಜಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೆನ್ನ ಮೇಲೆ ಕೈಯಾಡಿಸುತ್ತಾ ಕೇಳಿದಳು. "ಹೊಸದಾಗಿ ಬಂದೀಯೇನಪ್ಪಾ? ಮಂದಿ ಮಾತು ಕೇಳಿ ಈ ಊರು ಕೆಟ್ಟದ್ದು ಅಂತ ಓಡಿ ಹೋಗಬ್ಯಾಡ. ಒಂದ್ ವರ್ಷ ಇದ್ದು ನೋಡು, ರೂಢಿ ಆಕ್ಕೈತಿ."

"ಆಗ್ಲಿ ಅಜ್ಜಿ, ಇದ್ದು ನೋಡ್ತೀನಿ" ಎಂದೆ.