ಜನವರಿಯಲ್ಲಿ ಬಟ್ಟೆ ಕ್ಲಿಪ್ಪು

“ಅಜ್ಜಿ, ಬಾಗಿಲು ಹಾಕು. ಚಿಲಕಾನೂ ಹಾಕು. ಈಗ ಕೂತ್ಕೋ. ನಾನೂ ಟೆರೆನ್ಸೂ ಓಡಿಹೋಗ್ತಾ ಇದೀವಿ. ಗಾಬರಿ ಆಗ್ಬೇಡ, ಇವತ್ತಲ್ಲ, ಜನವರಿ ಕೊನೇಲಿ. ಐಸ್‌ಲ್ಯಾಂಡಿಗೆ. ಟಿಕೆಟ್ ಆಗಿದೆ, ಹೋಟೆಲ್ ಆಗಿದೆ, ಮದುವೆ ಮಾಡ್ಸೋರು ಸಿಕ್ಕಿದಾರೆ. ಫೋಟೋ ತೆಗೆಯೋಳೂ ಅವಳ ಗಂಡನೂ ಸಾಕ್ಷಿ ಹಾಕ್ತಾರೆ. ಸಮುದ್ರದ ದಂಡೆ ಮೇಲೆ, ಅಲ್ಲಿ ಮರಳು ಕಪ್ಪಗಿರತ್ತೆ. ಗಾಳಿ ಜಾಸ್ತಿ ಇದ್ರೆ ಜಲಪಾತದ ಹತ್ರ. ಅಲ್ಲೂ ಗಾಳಿ ಇದ್ರೆ ಮಂಜಿನ ಗುಹೆ. ಅದೂ ಆಗ್ಲಿಲ್ಲ ಅಂದ್ರೆ ಒಂದು ಕುದುರೆ ಲಾಯ ಮಾತಾಡಿಟ್ಟಿದೀವಿ, ಕುದುರೆಗಳು ಬಹಳ ಸಾಧು ಅಂತೆ. ಅಮ್ಮನಿಗೆ ಮಾತ್ರ ಗೊತ್ತಾಗ್ಬಾರ್ದು. ಗೊತ್ತಾದ್ರೆ ಮುಗೀತು. ಚರ್ಚ್ ಹಾಲ್, ನಾನೂರು ಜನ, ಬ್ಯಾಂಡು. ಅಕ್ಕನ ಮದುವೇಲಿ ನೋಡ್ಲಿಲ್ವಾ? ಆವತ್ತಿಡೀ ಅಕ್ಕ ಮಾತಾಡಿದ್ದು ಗಂಡನ ಜೊತೆ ಅಲ್ಲ, ಕುರ್ಚಿ ಬಾಡಿಗೆಯವನ ಜೊತೆ. ನಾನಾದ್ರೆ ತಡ್ಕೋತೀನಿ ಅಜ್ಜಿ, ಟೆರೆನ್ಸ್ ಕೈಲಿ ಆಗಲ್ಲ. ಆವತ್ತು ಒಂದು ಪ್ರಾರ್ಥನೆ ಓದು ಅಂತ ಅವನನ್ನ ನಿಲ್ಲಿಸಿದ್ರಲ್ಲ, ಜನ ನೋಡಿ ಮೊದಲ್ನೇ ಪದಕ್ಕೇ ತಲೆ ಸುತ್ತಿ ಹೂಕುಂಡದ ಮೇಲೆ ಬಿದ್ಬಿಟ್ಟ. ನಾವಿಬ್ರೇ ಇದ್ದಾಗ ಎಷ್ಟು ಚೆನ್ನಾಗಿ ಮಾತಾಡ್ತಾನೆ ಗೊತ್ತಾ? ಮದುವೆ ದಿನ ನಂಗೆ ಆ ಮಾತು ಪೂರ್ತಿ ಬೇಕು. ಅದಕ್ಕೇ ಜನ ಇಲ್ಲದ ಕಡೆ ಹುಡುಕಿದ್ದು. ಅಲ್ಲಿ ಸೀಲ್ ಪ್ರಾಣಿ ಬರುತ್ತಂತೆ. ಅದಕ್ಕೆ ಹೆದರಲ್ಲ ಅಂದ. ನಿಂಗೊಬ್ಬಳಿಗೇ ಹೇಳ್ತಿರೋದು, ಯಾಕಂದ್ರೆ ಗೌನು ಬಚ್ಚಿಡೋಕೆ ಜಾಗ ಬೇಕು, ಮತ್ತೆ ನಿಂಗೆ ಹೊಲಿಗೆ ಬರತ್ತೆ.”

ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿ ನನ್ನ ಮೊಮ್ಮಗಳು ಕೊರಿನ್ ನನ್ನ ಮುಂದಿದ್ದ ಕಾಫಿಯನ್ನು ತಾನೇ ಕುಡಿದಳು. ನಾನು ಎಂಟನೆಯ ತರಗತಿಗೇ ಶಾಲೆ ಬಿಟ್ಟವಳು. ಆಮೇಲೆ ಕಲಿತದ್ದೆಲ್ಲ ಕಿವಿಯಿಂದ. ಆದರೆ ಓಡಿಹೋಗುವುದಕ್ಕೆ ಇಷ್ಟೊಂದು ತಯಾರಿ ಬೇಕೆಂದು ಈ ಕಿವಿಗಳು ಕೇಳಿರಲಿಲ್ಲ. ನಮ್ಮ ಕಾಲದಲ್ಲಿ ಒಂದು ಏಣಿ, ಒಂದು ಹಳೆಯ ಕಾರು ಮತ್ತು ಬೊಗಳದ ನಾಯಿ ಇದ್ದರೆ ಆಯಿತು. ನನ್ನ ಚಿಕ್ಕಮ್ಮ ಹಾಗೆಯೇ ಹೋದವಳು. ಪಕ್ಕದ ಜಿಲ್ಲೆ ಮುಟ್ಟುವ ಮೊದಲೇ ಪೆಟ್ರೋಲ್ ಮುಗಿದು, ಯಾರಿಂದ ಓಡಿಹೋಗಿದ್ದಳೋ ಆ ಅಪ್ಪನಿಗೇ ಫೋನ್ ಮಾಡಿ ಪೆಟ್ರೋಲ್ ತರಿಸಿಕೊಂಡಳು.

ಕೊರಿನ್ ಅಂಥವಳಲ್ಲ. ಗೌನು ನನ್ನ ನೆಲಮಾಳಿಗೆಗೆ ಬಂತು. (ಅಮೆರಿಕದ ನಮ್ಮ ಯಂಗ್ಸ್‌ಟೌನಿನ ಹಳೆಯ ಮನೆಗಳಿಗೆ ಎರಡು ಅಡುಗೆಮನೆ: ಮೇಲಿನದು ನೆಂಟರಿಗೆ ತೋರಿಸಲು, ನೆಲಮಾಳಿಗೆಯದು ನಿಜವಾಗಿ ಬೇಯಿಸಲು.) ಅಲ್ಲಿ ಮದುವೆಯ ಪೂರ್ವಸಿದ್ಧತೆ ಯುದ್ಧದ ತಾಲೀಮಿನಂತೆ ನಡೆಯಿತು. ಕಾಲಿಗೆ ಮುಳ್ಳಿನ ಬೂಟು ಕಟ್ಟಿಕೊಂಡು ನನ್ನ ಹಿತ್ತಲಿನ ಮಂಜುಗಡ್ಡೆಯ ಮೇಲೆ ಕೊರಿನ್ ನಡೆದು ನೋಡಿದಳು. ಗಾಳಿಗೆ ಮುಸುಕು ಹಾರುತ್ತದೆಯೇ ಎಂದು ಟೇಬಲ್ ಫ್ಯಾನ್ ಹಚ್ಚಿ ಪರೀಕ್ಷಿಸಿದಳು. ಹಾರಿ ಹೋಗಿ ನನ್ನ ಬಿಸಿ ಸಾರಿನೊಳಗೆ ಬಿತ್ತು. “ಮುಸುಕು ಕ್ಯಾನ್ಸಲ್,” ಎಂದು ಆ ಕ್ಷಣವೇ ತೀರ್ಮಾನ ಹೊರಬಿತ್ತು. ಇಷ್ಟು ಚುರುಕಾಗಿ ತೀರ್ಮಾನ ಮಾಡುವವರು ನಮ್ಮ ನಗರಸಭೆಯಲ್ಲಿ ಒಬ್ಬರಿದ್ದರೂ ಬೀದಿಯ ಗುಂಡಿಗಳು ಎಂದೋ ಮುಚ್ಚುತ್ತಿದ್ದವು.

ಗೌನಿನ ಒಳಗೆ ಉಣ್ಣೆಯ ಪದರ ಹೊಲಿಯುವುದು ನನ್ನ ಪಾಲಿಗೆ ಬಂತು. ಯಜಮಾನರ ಹಳೆಯ ಕಂಬಳಿಯನ್ನೇ ಕತ್ತರಿಸಿದೆ.

“ಮೊಣಕಾಲಿನ ಹತ್ರ ಎರಡು ಪದರ ಹಾಕಜ್ಜಿ.”

“ದಪ್ಪ ಕಾಣ್ತೀಯ ಕಣೇ.”

“ಯಾರು ನೋಡ್ತಾರೆ? ಸೀಲಾ?”

ಟೆರೆನ್ಸ್ ಸಂಜೆ ಬಂದು ಒಗೆಯುವ ಯಂತ್ರದ ಮುಂದೆ ನಿಲ್ಲುತ್ತಿದ್ದ. ಸಮುದ್ರದ ಸದ್ದು ಹಾಗೇ ಇರುತ್ತದಂತೆ. ಯಂತ್ರ ಭೋರೆಂದು ತಿರುಗುವಾಗ ತನ್ನ ಮದುವೆಯ ಮಾತನ್ನು ಅದಕ್ಕೆ ಹೇಳಿ ಅಭ್ಯಾಸ ಮಾಡುತ್ತಿದ್ದ. ಕದ್ದು ಕೇಳಬಾರದು, ನಿಜ. ಆದರೆ ಮೆಟ್ಟಿಲೂ ನನ್ನದೇ, ಕಿವಿಯೂ ನನ್ನದೇ. “ಕೊರಿನ್, ನಾನು ಮಾತಿಗೆ ತಡವರಿಸ್ದಾಗ ನೀನು ಯಾವತ್ತೂ ನನ್ನ ಪದಾನ ನೀನೇ ಹೇಳಿ ಮುಗಿಸ್ಲಿಲ್ಲ. ಕಾಯ್ತೀಯ,” ಎಂದ ಆ ಹುಡುಗ, ನನ್ನ ಒದ್ದೆ ಟವೆಲ್ಲುಗಳಿಗೆ. ನಾನು ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟೆ. ಈ ಮದುವೆ ಇವರು ಅಂದುಕೊಂಡ ಹಾಗೆಯೇ ಆಗಬೇಕು, ನನ್ನ ಬಾಯಿಂದ ಒಂದು ಚಕಾರವೂ ಹೊರಡಬಾರದು ಎಂದು ಶಪಥ ಮಾಡಿದೆ.

ಬಾಯಿಂದ ಹೊರಡಲಿಲ್ಲ. ಹೊರಟದ್ದು ಬೇರೆ ಕಡೆಯಿಂದ.

ನಮ್ಮ ಊರಿನಲ್ಲಿ ಮದುವೆಯೆಂದರೆ ಬಿಸ್ಕತ್ತಿನ ಮೇಜು. ಕೇಕ್ ಇದ್ದರೂ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಅಜ್ಜಿಯರು, ಅತ್ತೆಯರು, ನೆರೆಯವರು ತಿಂಗಳುಗಟ್ಟಲೆ ಬೇಯಿಸಿ ಸಾವಿರಾರು ಬಿಸ್ಕತ್ತು ಜೋಡಿಸುತ್ತಾರೆ. ಜನ ಡಬ್ಬಿ ತಂದು ತುಂಬಿಕೊಂಡು ಹೋಗುತ್ತಾರೆ. ಆ ಮೇಜಿಲ್ಲದೆ ನನ್ನ ಮನೆಯ ಹುಡುಗಿ ಮದುವೆಯಾಗುವುದೆಂದರೆ! ಸೀಲ್ ಪ್ರಾಣಿಗಳಾದರೂ ಏನು ಅಂದುಕೊಂಡಾವು?

“ಬೇಡ ಅಜ್ಜಿ,” ಎಂದಳು ಕೊರಿನ್.

“ಇಬ್ಬರಿಗೆ ಎಷ್ಟು ಬೇಕೋ ಅಷ್ಟೇ.”

“ನಿಂಗೆ ಇಬ್ಬರಿಗೆ ಅಂತ ಮಾಡೋಕೆ ಬರತ್ತಾ?”

“ಕಲೀತೀನಿ.”

“ಒಂದು ಡಬ್ಬಿ. ಚಿಕ್ಕದು. ಬ್ಯಾಗಲ್ಲಿ ಜಾಗ ಇಲ್ಲ.”

ಬಿಸ್ಕತ್ತುಗಳಲ್ಲಿ ರಾಣಿ ಯಾವುದೆಂದರೆ ಕೆನೆಯ ಸುರುಳಿ, ಮದುವೆಗಲ್ಲದೆ ಯಾರೂ ಅದರ ತಂಟೆಗೆ ಹೋಗುವುದಿಲ್ಲ. ಮರದ ಬಟ್ಟೆ ಕ್ಲಿಪ್ಪಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಅದರ ಮೇಲೆ ಹಿಟ್ಟಿನ ಪಟ್ಟಿ ಸುತ್ತಿ ಬೇಯಿಸಿ, ಬೆಂದ ಮೇಲೆ ಕ್ಲಿಪ್ಪನ್ನು ಎಳೆದು ಆ ಪೊಳ್ಳಿಗೆ ಕೆನೆ ತುಂಬುವುದು. ನನ್ನ ಕ್ಲಿಪ್ಪುಗಳೆಲ್ಲ ದೊಡ್ಡ ಮೊಮ್ಮಗಳ ಮದುವೆಯಲ್ಲಿ ಸುಟ್ಟು ಮುರಿದುಹೋಗಿದ್ದವು. ಪಕ್ಕದ ಮನೆಯ ಕಾರ್ಮೆಲಾಳ ಬಾಗಿಲು ತಟ್ಟಿದೆ. (ಈಗ ಯೋಚಿಸಿದರೆ ಪತ್ರಿಕೆಗೆ ಜಾಹೀರಾತು ಕೊಟ್ಟಿದ್ದರೂ ಇಷ್ಟು ಬೇಗ ಸುದ್ದಿ ಹಬ್ಬುತ್ತಿರಲಿಲ್ಲ.)

“ಕಾರ್ಮೆಲಾ, ನಿನ್ನ ಹತ್ರ ಮರದ ಬಟ್ಟೆ ಕ್ಲಿಪ್ ಇದ್ರೆ ಕೊಡೇ.”

ಅವಳು ನನ್ನನ್ನು ನೋಡಿದಳು. ನನ್ನ ಬೆನ್ನ ಹಿಂದೆ ಮೊಣಕಾಲುದ್ದ ಬಿದ್ದಿದ್ದ ಹಿಮವನ್ನೂ ನೋಡಿದಳು.

“ಯಾಕೆ ಇರ್ಮಾ?”

“ಬಟ್ಟೆ ಒಣಹಾಕೋಕೆ.”

“ಹೊರಗಾ?”

“ಹೂಂ. ತಣ್ಣನೆ ಗಾಳಿಗೆ ಬಟ್ಟೆ ಬೆಳ್ಳಗಾಗತ್ತೆ ಅಂತಾರೆ.”

“ಆಗತ್ತೆ, ಆಗತ್ತೆ,” ಎಂದು ಕಾರ್ಮೆಲಾ ಒಂದು ಇಡೀ ಚೀಲ ತಂದುಕೊಟ್ಟಳು. “ಇಷ್ಟು ಸಾಕಾ? ದೊಡ್ಡ ಒಗೆತಾನಾ, ಚಿಕ್ಕದಾ?”

“ಚಿಕ್ಕದು. ಇಬ್ಬರದ್ದೇ ಬಟ್ಟೆ.”

ಅವಳಿಗೆ ಟೋಪಿ ಹಾಕಿದೆನೆಂದು ಹೆಮ್ಮೆಯಿಂದ ಮನೆಗೆ ಬಂದೆ.

ಎರಡು ದಿನ ಕಳೆದಿರಲಿಲ್ಲ, ಕಾರ್ಮೆಲಾ ನೆಲಮಾಳಿಗೆಯ ಬಾಗಿಲಿಗೆ ಬಂದು, “ನಾನು ಏನೂ ಕೇಳಲ್ಲ ಇರ್ಮಾ,” ಎಂದು ದೊಡ್ಡ ಡಬ್ಬಿಯೊಂದನ್ನು ಇಟ್ಟು ಹೋದಳು. ಒಳಗೆ ಸೋಂಪಿನ ಪರಿಮಳದ ಹೂಬಿಸ್ಕತ್ತು. ಅವಳ ನಾದಿನಿ ಬಂದಳು, “ನಾನೂ ಕೇಳಲ್ಲ,” ಎಂದು ಅಕ್ರೋಟಿನ ಹೂರಣದ್ದನ್ನು ಇಟ್ಟಳು. ಆಮೇಲೆ ಚರ್ಚಿನ ಹೆಂಗಸರು ಸಾಲಾಗಿ. ಯಾರೂ ಏನೂ ಕೇಳುವುದಿಲ್ಲ, ಎಲ್ಲರೂ ಡಬ್ಬಿ ಇಡುತ್ತಾರೆ, ಎಲ್ಲರೂ ನನ್ನ ಗಲ್ಲ ಹಿಂಡಿ ಹೋಗುತ್ತಾರೆ. ಗಲ್ಲ ಯಾಕೆ ಹಿಂಡುತ್ತಾರೆಂದು ನನಗೆ ಹೊಳೆಯಲಿಲ್ಲ. ಬಟ್ಟೆ ಒಗೆಯುವ ಯಂತ್ರದ ಮೇಲೆ, ಕಪಾಟಿನ ಮೇಲೆ, ಇಸ್ತ್ರಿ ಮೇಜಿನ ಮೇಲೆ ಡಬ್ಬಿಗಳು. ಪಾಪ ಟೆರೆನ್ಸ್ ಅಭ್ಯಾಸ ಮಾಡಲು ಯಂತ್ರದ ಮುಖವೇ ಕಾಣದಾಯಿತು.

“ಅಜ್ಜೀ!” ಎಂದು ಕೊರಿನ್ ತಲೆ ಹಿಡಿದುಕೊಂಡಳು. “ಇದು ಚಿಕ್ಕ ಡಬ್ಬೀನಾ?”

“ನಾನೊಂದು ಮಾತೂ ಆಡಿಲ್ಲ ಕಣೇ!”

ಅವಳು ಉತ್ತರ ಕೊಡುವ ಮೊದಲೇ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ನನ್ನ ಮಗಳು, ಕೊರಿನ್‌ಳ ಅಮ್ಮ, ರೋಸಲಿನ್. ಬೆನ್ನಿಗೆ ಕಾರ್ಮೆಲಾ.

“ಅಮ್ಮ, ಊರೆಲ್ಲಾ ನನ್ನ ಕೈ ಕುಲುಕ್ತಾ ಇದಾರೆ. ಯಾಕೆ ಅಂತ ಯಾರೂ ಹೇಳ್ತಿಲ್ಲ. ಈ ಮನೇಲಿ ಯಾರದು ಮದುವೆ?”

ಅಷ್ಟರಲ್ಲಿ ಅವಳ ಕಣ್ಣಿಗೆ ಬಾಯ್ಲರಿನ ಹಿಂದೆ ನೇತುಹಾಕಿದ್ದ ಬಿಳಿ ಗೌನು ಬಿತ್ತು. ಕೊರಿನ್‌ಳ ಮುಖ ಗೌನಿಗಿಂತ ಬೆಳ್ಳಗಾಯಿತು. ಮುಗಿಯಿತು, ಚರ್ಚ್ ಹಾಲ್, ನಾನೂರು ಜನ, ಹೂಕುಂಡ ಎಂದುಕೊಂಡೆ.

ರೋಸಲಿನ್ ಗೌನನ್ನು ಮುಟ್ಟಿದಳು. ಒಳಗೆ ಕೈ ಹಾಕಿದಳು.

“ಇದರೊಳಗೆ ಕಂಬಳಿ ಇದೆ.”

“ಮೊಣಕಾಲಿನ ಹತ್ರ ಎರಡು ಪದರ ಇದೆ ನೋಡು,” ಎಂದಳು ಕಾರ್ಮೆಲಾ ಮೆತ್ತಗೆ. “ಈ ವಯಸ್ನಲ್ಲಿ ಮೊಣಕಾಲು ನೋವು ಬರೋದೇ.”

“ಯಾವ ವಯಸ್ನಲ್ಲಿ?”

ಆಗಲೇ ಹಿಂದಿನ ಬಾಗಿಲು ತೆರೆದು ಪಾವ್ಲಿಕ್ ಒಳಗೆ ಬಂದರು. ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದವರು, ಹೆಂಡತಿ ತೀರಿಕೊಂಡವರು, ಎದುರು ಮನೆಯವರು. ಹಿಮ ಬಿದ್ದಾಗಲೆಲ್ಲ ತಮ್ಮ ಅಂಗಳಕ್ಕಿಂತ ಮೊದಲು ನನ್ನ ಅಂಗಳ ಗುಡಿಸಿಕೊಡುವುದು ಅವರ ಅಭ್ಯಾಸ. ಬೂಟು ಕೊಡವಿ, “ಮಿಸೆಸ್ ಹುಡಾಕ್, ಮಂಜುಗಡ್ಡೆ ಕರಗ್ಲಿ ಅಂತ ಮೆಟ್ಟಿಲಿಗೆ ಉಪ್ಪು ಹಾಕಿದೀನಿ, ಹುಷಾರಾಗಿ ಇಳೀರಿ,” ಎಂದು ನನಗೆ ಹೇಳಿದರು.

ಎಲ್ಲರೂ ಪಾವ್ಲಿಕ್‌ರನ್ನು ನೋಡಿದರು. ಆಮೇಲೆ ಗೌನನ್ನು. ಆಮೇಲೆ ನನ್ನನ್ನು. ಗಲ್ಲ ಹಿಂಡಿದ್ದು ಯಾಕೆಂದು ನನಗೆ ಆಗ ಅರ್ಥವಾಯಿತು.

“ಅಮ್ಮ!” ರೋಸಲಿನ್ ಹಿಟ್ಟಿನ ಡ್ರಮ್ಮಿನ ಮೇಲೆ ಕುಳಿತುಬಿಟ್ಟಳು. “ಇದು ನಿಂದಾ?”

ಕೊರಿನ್ ನನ್ನತ್ತ ನೋಡಿದಳು. ಆ ನೋಟದಲ್ಲಿ ಟೆರೆನ್ಸ್ ಇದ್ದ, ಕಪ್ಪು ಮರಳಿತ್ತು, ಕಾಯುವ ಹುಡುಗಿಯಿದ್ದಳು. ನಾನು ಸೆರಗಿಲ್ಲದಿದ್ದರೂ ಏಪ್ರನ್ನಿನ ತುದಿ ಹಿಡಿದು ತಲೆ ತಗ್ಗಿಸಿದೆ.

“ನಂದೇ,” ಎಂದೆ.

ಪಾವ್ಲಿಕ್ ಟೋಪಿ ತೆಗೆದರು. ಮತ್ತೆ ಹಾಕಿಕೊಂಡು ಹೊರಗೆ ಹೋದರು. ಆ ಮಧ್ಯಾಹ್ನ ಅವರು ನನ್ನ ಅಂಗಳವಷ್ಟೇ ಅಲ್ಲ, ಬೀದಿಯ ತುದಿಯವರೆಗೂ ಹಿಮ ಗುಡಿಸಿದರು.

ಮುಂದಿನದು ರೋಸಲಿನ್‌ಳ ದಿಗ್ವಿಜಯ. ಮೊದಲು ಅತ್ತಳು, ಆಮೇಲೆ, “ಅಪ್ಪ ಹೋಗಿ ಎಷ್ಟು ವರ್ಷ ಆಯ್ತು, ನೀನೂ ಮನುಷ್ಯಳೇ ತಾನೇ,” ಎಂದು ನನ್ನನ್ನು ಅಪ್ಪಿಕೊಂಡಳು, ಆಮೇಲೆ ಚರ್ಚ್ ಹಾಲ್ ಗೊತ್ತುಮಾಡಿದಳು. ನನ್ನ ಕೂದಲಿಗೆ ಯಾವ ಬಣ್ಣ, ಪಾವ್ಲಿಕ್‌ರಿಗೆ ಯಾವ ಟೈ ಎಂಬ ಗಹನವಾದ ಚರ್ಚೆಯಲ್ಲಿ ಊರು ಮುಳುಗಿದ್ದಾಗ, ಕೊರಿನ್ “ಸ್ನೇಹಿತರ ಜೊತೆ ಹಿಮದಲ್ಲಿ ಆಡೋಕೆ ಹೋಗ್ತೀವಮ್ಮ” ಎಂದಳು. ರೋಸಲಿನ್ ತಲೆ ಎತ್ತದೆಯೇ, “ಮಫ್ಲರ್ ಹಾಕ್ಕೋ,” ಎಂದಳು. ಗೌನನ್ನು ‘ಅಳತೆ ಸರಿಮಾಡಿಸಲು’ ಕೊರಿನ್‌ಳ ಕೈಯಲ್ಲಿ ಕಳಿಸಿದ್ದೂ ಅವಳೇ! ಹೆತ್ತ ತಾಯಿಯ ಕೈಯಿಂದಲೇ ಗೌನು ತೆಗೆದುಕೊಂಡು ಓಡಿಹೋದವಳು ನಮ್ಮ ಊರಿನಲ್ಲಿ ಇವಳೊಬ್ಬಳೇ ಇರಬೇಕು. ನಾನು ಮೆಚ್ಚಿದೆ.

ನಾನು ಚರ್ಚ್ ಹಾಲ್‌ನಲ್ಲಿ ಮಗಳ ಜೊತೆ ಮೇಜುಗಳನ್ನು ಅಳೆಯುತ್ತಿದ್ದಾಗ ಅವಳ ಫೋನಿಗೆ ಚಿತ್ರ ಬಂತು. ಕಪ್ಪು ದಂಡೆ, ಬಿಳಿ ನೊರೆ, ಕಂಬಳಿಯಿಂದ ಉಬ್ಬಿದ ನಮ್ಮ ಹುಡುಗಿ. ಅವಳೆದುರು ಟೆರೆನ್ಸ್, ಬಾಯಿ ಅಗಲವಾಗಿ ತೆರೆದು, ಸಮುದ್ರಕ್ಕಿಂತ ಜೋರಾಗಿ ಏನೋ ಹೇಳುತ್ತಿದ್ದಾನೆ. ಬಂಡೆಯ ಮೇಲೆ ನನ್ನ ಚಿಕ್ಕ ಡಬ್ಬಿ. ಕೆಳಗೆ ಒಂದೇ ಸಾಲು: ಅಮ್ಮ, ಅವನು ಪೂರ್ತಿ ಹೇಳಿದ, ಒಂದು ಪದವೂ ಬಿಡಲಿಲ್ಲ.

ರೋಸಲಿನ್ ಅಳತೆ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

“ನಿಂಗೆ ಗೊತ್ತಿತ್ತು.”

“ಹೂಂ.”

“ನನ್ನ ಕಂಬಳಿ ತಂದೆ... ಅಲ್ಲ, ನನ್ನ ತಂದೆ ಕಂಬಳಿ!” ಸಿಟ್ಟಿಗೆ ಅವಳ ಮಾತು ಅಡ್ಡಾದಿಡ್ಡಿಯಾಯಿತು. ಮತ್ತೆ ಚಿತ್ರ ನೋಡಿದಳು. ಟೆರೆನ್ಸನ ತೆರೆದ ಬಾಯಿಯನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. “ನೋಡಮ್ಮ ಹೆಂಗೆ ಮಾತಾಡ್ತಿದಾನೆ!” ಎಂದು ಮೂಗು ಒರೆಸಿಕೊಂಡಳು. “ಸರಿ. ಹಾಲ್ ಹೆಂಗೂ ಇದೆ, ಬಿಸ್ಕತ್ತೂ ಇದೆ. ಬರ್ಲಿ ಅವರು. ಭಾಷಣ ಯಾರೂ ಮಾಡ್ಕೂಡದು.”

ಹಾಗೆಯೇ ಆಯಿತು. ಅವರು ಬಂದರು, ಊರು ತಿಂದಿತು, ಡಬ್ಬಿ ತುಂಬಿಕೊಂಡು ಹೋಯಿತು. ಟೆರೆನ್ಸ್ ಒಂದು ಮಾತೂ ಆಡಬೇಕಾಗಿ ಬರಲಿಲ್ಲ, ಬಾಯಲ್ಲಿ ಸದಾ ಒಂದು ಕೆನೆಯ ಸುರುಳಿ ಇತ್ತು. ಓಡಿಹೋದವಳನ್ನು ಎಲ್ಲರೂ ಕ್ಷಮಿಸಿದರು. ಎಲ್ಲೂ ಹೋಗದೆ ನೆಲಮಾಳಿಗೆಯಲ್ಲಿ ಕುಳಿತಿದ್ದ ನನಗೆ ಮಾತ್ರ ಇಂದಿಗೂ ಬಿಡುಗಡೆ ಇಲ್ಲ. “ಇರ್ಮಾ, ನಿಂದ್ಯಾವಾಗ?” ಎಂದು ಅಂಗಡಿಯಲ್ಲಿ ಕೇಳುತ್ತಾರೆ, ಚರ್ಚಿನಲ್ಲಿ ಕೇಳುತ್ತಾರೆ.

ಇನ್ನು ಕಾರ್ಮೆಲಾ. “ಬಟ್ಟೆ ಒಣಹಾಕ್ತೀನಿ ಅಂದಿದ್ದೆಯಲ್ಲ, ಸುಳ್ಳುಗಾತಿ!” ಎಂದು ಬೇಲಿಯಾಚೆಯಿಂದ ನಕ್ಕಳು. ನನಗೆ ರೋಷ ಬಂತು. ಉಳಿದ ಕ್ಲಿಪ್ಪುಗಳಿಗೆ ಅಂಟಿದ್ದ ಅಲ್ಯೂಮಿನಿಯಂ ಸುಲಿದು, ತೊಳೆದು, ಚರ್ಚ್ ಹಾಲ್‌ನಿಂದ ತಂದು ಒಗೆದ ಮೇಜುಹಾಸುಗಳನ್ನು ಬುಟ್ಟಿಯಲ್ಲಿ ಹೊತ್ತು ಹಿಮದ ಹಿತ್ತಲಿಗೆ ಇಳಿದೆ. ಮೊದಲನೆಯದು ಹಗ್ಗಕ್ಕೆ ಹಾಕುವಷ್ಟರಲ್ಲಿ ಹೆಪ್ಪುಗಟ್ಟಿ ಬಾಗಿಲಿನ ಹಲಗೆಯಂತೆ ಸೆಟೆದು ನಿಂತಿತು.

ಪಾವ್ಲಿಕ್ ಸಲಿಕೆ ಹಿಡಿದು ಬಂದರು. ಕೂದಲು ಹೊಸದಾಗಿ ಕತ್ತರಿಸಿಕೊಂಡಿದ್ದರು.

“ಆ ಗೌನು ನಿಮ್ಮದಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು ಮಿಸೆಸ್ ಹುಡಾಕ್,” ಎಂದರು. “ಎಷ್ಟುದ್ದ ಇತ್ತು! ನೀವು ಹಾಕ್ಕೊಂಡ್ರೆ ಎಡವಿ ಬೀಳ್ತೀರಿ.”

“ಮತ್ತೆ ಯಾಕೆ ಸುಮ್ನಿದ್ರಿ?”

“ನೀವು ನಂದೇ ಅಂದ್ರಲ್ಲ. ಏನೋ ಕಾರಣ ಇರತ್ತೆ ಅಂದ್ಕೊಂಡೆ. ಜನ ಕೇಳ್ದಾಗ ನಾನೂ ಇಲ್ಲ ಅನ್ಲಿಲ್ಲ.” ಸಲಿಕೆಯ ಹಿಡಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. “ಈಗಲೂ ಕೇಳ್ತಾರೆ. ಏನು ಹೇಳ್ಲಿ... ಇರ್ಮಾ?”

ಮಿಸೆಸ್ ಹುಡಾಕ್ ಎಲ್ಲಿ ಹೋದಳೋ ಕಾಣಲಿಲ್ಲ. ಕಾರ್ಮೆಲಾಳ ಪರದೆ ಅಲುಗಿತು. ಬುಟ್ಟಿಯಿಂದ ಅತಿ ಉದ್ದದ ಮೇಜುಹಾಸನ್ನು ಎಳೆದೆ; ಅದನ್ನು ಒಬ್ಬಳೇ ಹಿಂಡಲಾಗುವುದಿಲ್ಲ.

“ಆ ತುದಿ ಹಿಡೀರಿ,” ಎಂದೆ. “ಮೊದಲು ಇದು ಒಣಗ್ಲಿ.”

ಅವರು ಸಲಿಕೆಯನ್ನು ಹಿಮದಲ್ಲಿ ನೆಟ್ಟು ತುದಿ ಹಿಡಿದರು. ನಾನು ಈ ಕಡೆಗೆ ತಿರುಚಿದೆ, ಅವರು ಆ ಕಡೆಗೆ. ನೀರಿಳಿದ ಮೇಲೆ ಕೊಡವಿ, ಹಗ್ಗದ ಮೇಲೆ ಹರವಿ, ಕ್ಲಿಪ್ಪು ಹಾಕತೊಡಗಿದೆವು.