ಕಡಲೆಕಾಯಿ ಕಟ್ಟಿದ ಅಂಗಿ

ಹಿಂದೂಪುರದ ಬೆಲ್ಲದ ಮಂಡಿಯ ಗುಮಾಸ್ತ ಆದಿನಾರಾಯಣನಿಗೆ ಇದ್ದದ್ದು ಒಂದೇ ಒಂದು ಒಳ್ಳೆಯ ಅಂಗಿ, ಬಿಳಿಯದು. ಜೇಬಿನಲ್ಲಿದ್ದ ಪೆನ್ನು ಅದರ ಮೇಲೆಲ್ಲ ಮಸಿ ಕಕ್ಕಿಬಿಟ್ಟಿತು. ಅದೂ ಯಾವತ್ತು? ಕಲ್ಯಾಣದುರ್ಗಕ್ಕೆ ಹೆಣ್ಣು ನೋಡಲು ಹೊರಡುವ ದಿನ! ಆಸಾಮಿಗೆ ಆಗಲೇ ಮೂವತ್ನಾಲ್ಕು. ಐದು ಮನೆಯವರು ಬೇಡವೆಂದಾಗಿತ್ತು. "ಇದೇ ಕೊನೇದು ಕಣಪ್ಪ, ಇದೂ ಹೋದ್ರೆ ನನ್ನ ಕೇಳ್ಬೇಡ" ಎಂದು ಸಂಬಂಧ ಕುದುರಿಸುವ ಲಕ್ಷ್ಮಣಪ್ಪ ಕಡ್ಡಿ ಮುರಿದಂತೆ ಹೇಳಿದ್ದ.

ಹಳೆಯ ಬಟ್ಟೆಗೆ ಮನೆಯಲ್ಲೇ ಬಣ್ಣ ಕಟ್ಟುವುದನ್ನು ಯಾವುದೋ ವಾರಪತ್ರಿಕೆಯಲ್ಲಿ ಅವನು ಓದಿದ್ದ. ಬಟ್ಟೆಯೊಳಗೆ ಬೀಜವೋ ಕಲ್ಲೋ ಇಟ್ಟು ದಾರ ಬಿಗಿದು, ಉಪ್ಪು ಬೆರೆಸಿದ ಬಣ್ಣದ ನೀರಿನಲ್ಲಿ ಕುದಿಸಿದರೆ ಕಟ್ಟಿದಲ್ಲೆಲ್ಲ ಬಿಳಿ ಬಳೆ ಮೂಡುತ್ತದಂತೆ. ಬೆಳಗಾಗೆದ್ದು ಕಲ್ಲು ಆರಿಸುವವರು ಯಾರು? ಮೂಲೆಯಲ್ಲಿ ಕಡಲೆಕಾಯಿ ಮೂಟೆ ಇತ್ತು. ಬುದ್ಧಿವಂತ ಅರವತ್ತು ಕಾಯಿ ಕಟ್ಟಿ, ನೀಲಿ ಬಣ್ಣದ ಜೊತೆ ಹಿಡಿ ಉಪ್ಪು ಹಾಕಿ, ಒಲೆಯ ಮೇಲಿಟ್ಟು ಸ್ನಾನಕ್ಕೆ ಹೋದ.

ವಠಾರಕ್ಕೆಲ್ಲ ಬೆಂದ ಕಡಲೆಕಾಯಿಯ ಘಮಲು. ಅವನು ಮೈ ಒರೆಸಿಕೊಂಡು ಬರುವಷ್ಟರಲ್ಲಿ ಪಕ್ಕದ ಮನೆಯ ಗೌರಕ್ಕ ಅಂಗಿಯನ್ನು ತಟ್ಟೆಗೆ ಎತ್ತಿ ಹಾಕಿಕೊಂಡು ಗಂಟು ಬಿಚ್ಚುತ್ತ ಕೂತಿದ್ದಳು.

"ಪಾತ್ರೇಲಿ ಹಂಗೇ ಬೇಯಿಸೋದು ಬಿಟ್ಟು ಅಂಗೀಲಿ ಯಾಕ್ಲಾ ಕಟ್ಟಿದ್ದೆ? ಬಿಚ್ಚೋದ್ರಲ್ಲಿ ಪ್ರಾಣ ಹೋಯ್ತು!"

"ಅಯ್ಯೋ, ಅದು ಬಣ್ಣ ಕಣಕ್ಕಾ!"

"ಅದಕ್ಕೇನೀಗ? ಉಪ್ಪು ಸರ್ಯಾಗೈತೆ" ಎಂದು ನಕ್ಕಳು. ಹಲ್ಲೆಲ್ಲ ನೀಲಿ.

ಬಲಗಡೆ ಬಳೆ ಬಳೆ, ಎಡಗಡೆ ಬರೀ ಮೋಡ ಕವಿದಂತೆ ಅಂಗಿ. ಹಿಂಡಿದರೆ ಇನ್ನೂ ನೀರು. ಅಷ್ಟರಲ್ಲಿ ಲಕ್ಷ್ಮಣಪ್ಪ ಬಾಗಿಲಿಗೆ ಬಂದು, "ಬಸ್ಸು ಹೋಯ್ತದೆ, ನಡಿಯಲಾ!" ಎಂದು ರೆಟ್ಟೆ ಹಿಡಿದು ಎಳೆದ.

ಆದಿನಾರಾಯಣ ಬರೀ ಬನಿಯನ್ನಿನಲ್ಲಿ ಕಿಟಕಿ ಪಕ್ಕ ಕೂತು, ಒಣಗಲೆಂದು ಅಂಗಿಯನ್ನು ಹೊರಗೆ ಹಿಡಿದ. "ಇದಿ ಏ ಪಾರ್ಟೀ ಜೆಂಡಾ ಸಾಮೀ?" ಎಂದು ಕಂಡಕ್ಟರ್ ಅದನ್ನು ಯಾವುದೋ ಪಕ್ಷದ ಬಾವುಟ ಮಾಡಿ ತೆಲುಗಿನಲ್ಲಿ ಕೇಳಿದ್ದೇ ತಡ, ಬಸ್ಸಿಗೆ ಬಸ್ಸೇ ನಕ್ಕಿತು. ಪೆನುಕೊಂಡ ದಾಟುವಾಗ ಗಾಳಿಗೆ ಅಂಗಿ ಕೈಜಾರಿತು. ಇವನು ಸೊಂಟದವರೆಗೆ ಹೊರಗೆ ಬಾಗಿ ತೋಳು ಹಿಡಿದ, ಲಕ್ಷ್ಮಣಪ್ಪ ಇವನ ಕಾಲು ಹಿಡಿದ.

"ಯಾರಾನ ಕೇಳಿದ್ರೆ ಬೆಂಗಳೂರಲ್ಲಿ ತಗಂಡೆ, ಇನ್ನೂರೈವತ್ತು ಅನ್ನು" ಎಂದು ಲಕ್ಷ್ಮಣಪ್ಪ ಗುಮಾಸ್ತನ ಅರ್ಧ ತಿಂಗಳ ಸಂಬಳವನ್ನೇ ಬೆಲೆ ಕಟ್ಟಿ ಪಾಠ ಹೇಳಿಕೊಟ್ಟ. "ಹಳೇ ಅಂಗಿ ಅಂದ್ರೆ ಗತಿಯಿಲ್ಲದೋನು ಅಂದ್ಕಂತಾರೆ."

"ಸುಳ್ಳಲ್ವಾಣ್ಣ?"

"ನಿಂಗೆ ಮದುವೆ ಬೇಕೋ ಬೇಡ್ವೋ?"

ಬೇಕಿತ್ತು. ಪಾಪ, ಬಹಳ ಬೇಕಿತ್ತು.

ಕಲ್ಯಾಣದುರ್ಗದಲ್ಲಿ ಹುಡುಗಿಯ ಅಪ್ಪ ಜೋಗಪ್ಪನ ಕಣ್ಣು ನೆಟ್ಟಗೆ ಅಂಗಿಯ ಮೇಲೇ ಬಿತ್ತು. "ಎಲ್ಲಿ ತಗಂಡ್ರಪ್ಪ ಇದ?" ಆದಿನಾರಾಯಣ ಕಲಿತ ಪಾಠ ತಪ್ಪಿಲ್ಲದೆ ಒಪ್ಪಿಸಿದ. ತನ್ನ ಕೆಲಸ ಮುಗಿಯಿತೆಂದು ಲಕ್ಷ್ಮಣಪ್ಪ ಖಾರಾಬೂಂದಿಯ ತಟ್ಟೆಗೆ ಬಗ್ಗಿದವನು ತಲೆ ಎತ್ತಲಿಲ್ಲ, ಯಾರ ಮಾತಿಗೂ ಕಿವಿ ಕೊಡಲಿಲ್ಲ.

ಗಂಗಾದೇವಿ ಕಾಫಿ ತಂದಳು. ಕೆಂಪು ಸೀರೆ, ಅದರ ತುಂಬ ಬಿಳಿ ಬಿಳಿ ಬಳೆ! ಆದಿನಾರಾಯಣನ ಎದೆ ಹಿಗ್ಗಿತು. ಹುಡುಗಿ ಲೋಟ ಇಟ್ಟು ಅಪ್ಪನ ಕಡೆ ತಿರುಗಿದಳು.

"ನಂಗಿದು ಬೇಡಪ್ಪ. ಅಮ್ಮನ ಹಳೇ ಸೀರೇಗೆ ನಾನೇ ಬಣ್ಣ ಕಟ್ಟಿ ಉಟ್ಕಂತೀನಿ. ಒಂದು ಅಂಗಿಗೆ ಇನ್ನೂರೈವತ್ತು ಸುರಿಯೋರ ಜೊತೆ ನನ್ನ ಕೈಲಿ ಬಾಳಕ್ಕಾಗಲ್ಲ."

ಆದಿನಾರಾಯಣ ಎದ್ದೇ ನಿಂತ. "ಇದೂ ಹಳೇದೇ ಕಣಮ್ಮ! ಬೆಳಿಗ್ಗೆ ಮನೇಲಿ ನಾನೇ ಮಾಡಿದ್ದು, ದೇವರಾಣೆ!"

"ಒಂದು ಗಳಿಗೇಲಿ ಎರಡು ಮಾತಾಡ್ತೀಯಲ್ಲಪ್ಪ" ಎಂದು ಜೋಗಪ್ಪ ಹುಬ್ಬು ಗಂಟಿಕ್ಕಿದ. "ಲಕ್ಷ್ಮಣಪ್ಪಾ, ನೀನು ನಂಬಿಕಸ್ಥ. ನೀನು ಏನಂತೀಯೋ ಅದೇ ಕೊನೆ. ಈ ಅಂಗಿ ಎಲ್ಲೀದು?"

ಲಕ್ಷ್ಮಣಪ್ಪ ಬೂಂದಿ ನುಂಗಿ, ಎದೆ ತಟ್ಟಿಕೊಂಡು ಹೇಳಿದ: "ಬೆಂಗಳೂರಿಂದೇ ಕಣಣ್ಣ! ನಾನೇ ಪಕ್ಕದಲ್ಲಿ ನಿಂತು ಚೌಕಾಸಿ ಮಾಡಿದ್ದು. ಅಂಗಡಿಯೋನು ಮುನ್ನೂರು ಹೇಳಿದ್ದ!"